ಉಪ್ಪುಕಾಗದದ ಅಕ್ಷರಗಳು

ಒಂಬತ್ತು ಗಂಟೆಗೆ ಮಾಂಟೆಸ್ಸರಿ ಶಾಲೆಗೆ ಮಕ್ಕಳು ಬರುವ ಮೊದಲು ಆಯಮ್ಮನ ಅರ್ಧ ಕೆಲಸ ಮುಗಿದಿರುತ್ತಿತ್ತು. ಗಿಡ್ಡ ಕಪಾಟುಗಳ ಧೂಳು ಒರೆಸಿ, ಪುಟ್ಟ ಗಾಜಿನ ಹೂಜಿಗಳಿಗೆ ನೀರು ತುಂಬಿ, ಚಾಪೆಗಳನ್ನು ಸುರುಳಿ ಸುತ್ತಿ ಬುಟ್ಟಿಯಲ್ಲಿ ನಿಲ್ಲಿಸುವಳು. ಆಮೇಲೆ ಮಕ್ಕಳು ಬಂದು ಬೂಟು ಕಳಚಿ, ತಂತಮ್ಮ ಹೆಸರು ಬರೆದ ಗೂಟಕ್ಕೆ ಚೀಲ ನೇತುಹಾಕಿ, ಬೇಕಾದ ಸಾಮಾನು ಎತ್ತಿಕೊಂಡು ಕೂರುತ್ತಿದ್ದರು. ಒಬ್ಬಳು ಲೋಟದಿಂದ ಲೋಟಕ್ಕೆ ನೀರು ಸುರಿದರೆ ಇನ್ನೊಬ್ಬ ನಾಲಿಗೆ ಕಚ್ಚಿಕೊಂಡು ಚೌಕಟ್ಟಿನ ಬಟ್ಟೆಗೆ ಗುಂಡಿ ಹಾಕುವನು. ಇಪ್ಪತ್ತೆರಡು ಮಕ್ಕಳಿದ್ದರೂ ಕೋಣೆಯಲ್ಲಿ ಜೇನುಗೂಡಿನಷ್ಟೇ ಸದ್ದು.

ಐವತ್ತು ದಾಟಿದ ಆಯಮ್ಮನಿಗೆ ಓದಲು ಬಾರದು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಯಾವ ಚೀಲ ಯಾರದ್ದೆಂದು ಬಣ್ಣ ನೋಡಿಯೇ ಗುರುತು ಹಿಡಿಯುತ್ತಿದ್ದಳು. ಆದರೆ ಈ ವರ್ಷ ಶಾಲೆಯವರು ಎಲ್ಲರಿಗೂ ಒಂದೇ ನೀಲಿ ಚೀಲ ಕೊಟ್ಟುಬಿಟ್ಟರು.

ಮೊದಲ ದಿನವೇ ಎಡವಟ್ಟಾಯಿತು. ಮನೆಗೆ ಹೊರಡುವ ಗಡಿಬಿಡಿಯಲ್ಲಿ ಆಯಮ್ಮ ಕೊಟ್ಟ ಚೀಲ ತನ್ನದಲ್ಲವೆಂದು ಚಿಕ್ಕ ಹುಡುಗಿಯೊಬ್ಬಳು ಅಳತೊಡಗಿದಳು. ಪಕ್ಕದಲ್ಲೇ ಚಿನಕುರಳಿ ನಿಂತಿದ್ದಳು. ಐದು ವರ್ಷದ ಹುಡುಗಿ, ಅರಳು ಹುರಿದಂತೆ ಮಾತು; ಹಾಗಾಗಿ ಎಲ್ಲರೂ ಇಟ್ಟ ಹೆಸರು ಅದು.

"ಆಯಮ್ಮ, ಗೂಟದ ಮೇಲೆ ಹೆಸರಿದೆಯಲ್ಲ! ನಿಮಗೆ ಓದೋಕೆ ಬರಲ್ವಾ?"

ಬಾಗಿಲಲ್ಲಿ ತಾಯಂದಿರೆಲ್ಲ ನಿಂತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಆಯಮ್ಮನಿಗೆ. ತಲೆ ತಗ್ಗಿಸಿ, "ಇಲ್ಲಮ್ಮ" ಎಂದಳು.

"ನಂಗೂ ಬರ್ತಿರ್ಲಿಲ್ಲ. ನಾಳೆ ತೋರಿಸ್ತೀನಿ ಬಿಡಿ," ಎಂದು ಚಿನಕುರಳಿ ತನ್ನ ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ನಾಳೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದುಕೊಂಡೇ ಆಯಮ್ಮ ಮರುದಿನ ಹೋದಳು. ಹತ್ತು ಗಂಟೆ ಹೊತ್ತಿಗೆ ಚಿನಕುರಳಿ ಚಾಪೆ ಹಾಸಿ, ಆಕೆಯ ಸೆರಗು ಜಗ್ಗಿದಳು. ಚಾಪೆಯ ಮೇಲೆ ಎರಡು ಹಲಗೆಗಳಿದ್ದವು. ಅವುಗಳ ಮೇಲೆ ಮರ ಉಜ್ಜುವ ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಹುಡುಗಿ ಆಯಮ್ಮನ ಬೆರಳು ಹಿಡಿದು ಅಕ್ಷರದ ಮೇಲೆ ಓಡಿಸಿದಳು.

"ಇದು ಗ. ಇದು ರ. ಈಗ ಗ ಯಾವುದು ತೋರ್ಸಿ?"

ಆಯಮ್ಮ ತೋರಿಸಿದಳು.

"ಇದೇನು?"

"ರ... ಅಲ್ವೇನಮ್ಮ?"

"ನನ್ನನ್ನ ಕೇಳಬೇಡಿ. ನೀವೇ ಹೇಳಿ."

ಅಷ್ಟರಲ್ಲಿ ಕೈತೊಳೆಯುವ ಜಾಗದಲ್ಲಿ ಯಾರೋ ಬೋಗುಣಿ ಉರುಳಿಸಿ ನೀರೋ ನೀರು. "ಆಯಮ್ಮ!" ಎಂದು ಕೂಗಲು ಹೊರಟ ಚಿಕ್ಕ ಟೀಚರನ್ನು ದೊಡ್ಡ ಟೀಚರ್ ತಡೆದರು. ಕೆಲಸದಲ್ಲಿ ಮುಳುಗಿದವರನ್ನು ಎಬ್ಬಿಸಬಾರದೆಂಬುದು ಆ ಶಾಲೆಯ ಕಟ್ಟುನಿಟ್ಟಿನ ನಿಯಮ.

"ಅದು ಮಕ್ಕಳಿಗಲ್ವಾ ಮೇಡಂ?"

"ಅವರೂ ಕಲೀತಿದ್ದಾರಲ್ಲ. ನಾನು ಒರೆಸ್ತೀನಿ, ಬಿಡಿ," ಎಂದು ದೊಡ್ಡ ಟೀಚರ್ ಸೀರೆ ಎತ್ತಿಕಟ್ಟಿ ಒರೆಸುವ ಬಟ್ಟೆ ಹಿಡಿದರು. ಆಯಮ್ಮ ಗಾಬರಿಯಿಂದ ಏಳಹೋದಳು. "ಚಾಪೆ ಸುತ್ತೋವರೆಗೂ ಏಳೋ ಹಾಗಿಲ್ಲ," ಎಂದು ಚಿನಕುರಳಿ ಗದರಿಸಿ ಕೂರಿಸಿದಳು.

ಅಂದಿನಿಂದ ದಿನಾ ಹದಿನೈದು ನಿಮಿಷ ಪಾಠ. ಒಂದೊಂದು ದಿನ ನಿನ್ನೆ ಬಂದದ್ದು ಇವತ್ತು ಮರೆತುಹೋಗುತ್ತಿತ್ತು. "ಮುದಿ ತಲೆ ಕಣಮ್ಮ," ಎಂದರೆ, "ಬೆರಳು ಮುದಿ ಆಗಿಲ್ವಲ್ಲ," ಎಂಬ ಉತ್ತರ. ಮೂರನೇ ವಾರ ಚಿನಕುರಳಿ ಬಿಡಿ ಅಕ್ಷರಗಳನ್ನು ಸಾಲಾಗಿ ಇಟ್ಟಳು. ಆಯಮ್ಮ ಒಂದೊಂದೇ ಮುಟ್ಟುತ್ತ ಹೋದಳು. "ಗ... ರ... ಗ... ಸ." ಇನ್ನೊಮ್ಮೆ ಬೇಗ ಹೇಳಿದಳು. "ಅಯ್ಯೋ, ಗರಗಸ!" ಕೋಣೆಯ ಮಕ್ಕಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. ಕಣ್ಣು ಒದ್ದೆಯಾಗಿತ್ತು.

ಆಕೆಯ ಗಂಡ ಬಡಗಿ. ಅಳತೆಯ ಅಂಕಿ ಬಿಟ್ಟರೆ ಬೇರೇನೂ ಓದಲು ಬಾರದವನು. ಸಂಜೆ ಆಕೆ ಅವನ ಪೆನ್ಸಿಲ್ ಕಿತ್ತುಕೊಂಡು ಹಲಗೆಯೊಂದರ ಮೇಲೆ ನಾಲ್ಕು ಅಕ್ಷರ ಬರೆದಳು.

"ಇದು ನಿಮ್ಮ ಗರಗಸ."

ಅವನು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದ. "ಉಳಿ ಹೇಗೆ ಬರೆಯೋದು?"

"ಅದಕ್ಕೆ ಗುಡಿಸು ಬೇಕಂತೆ."

"ಗುಡಿಸೋದು ನಿಂಗೆ ಬರದೇ ಇರುತ್ತಾ?"

"ಆ ಗುಡಿಸು ಬೇರೆ ಕಣ್ರೀ!" ಇಬ್ಬರೂ ನಕ್ಕರು. "ನಾಳೆ ಕಲಿತು ಬರ್ತೀನಿ. ಈಗ ನೀವು ಇದರ ಮೇಲೆ ಬೆರಳಾಡಿಸಿ, ನೋಡೋಣ."

ಅವನು ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು ಪಕ್ಕದಲ್ಲಿ ಬಂದು ಕೂತ.