ಪೆಟ್ಟಿಗೆಯೊಳಗಿನ ಯಜಮಾನರು

ಟೈಲರಮ್ಮನಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಬೆಳಿಗ್ಗೆ ಗುಂಡುಕಲ್ಲಿನ ಹಾಗಿದ್ದ ಪೆಟ್ಟಿಗೆ ಊಟದ ಹೊತ್ತಿಗೆ ಉಸಿರಿಲ್ಲದೆ ಬಿದ್ದಿರುತ್ತಿತ್ತು. ಟಿವಿಯಲ್ಲಿ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು, ಅಷ್ಟೇ. ಅಳಿಯ ಬಂದು ಮುಚ್ಚಳ ಎತ್ತಿ ಬಟನ್ ಒತ್ತಿದರೆ ಮತ್ತೆ ಜೀವ. ಅವನು ಅತ್ತ ಹೋದ ಮೇಲೆ ಇತ್ತ ಮತ್ತೆ ಅದೇ ಗತಿ.

ಪೆಟ್ಟಿಗೆ ಎಂದರೆ ಮಗಳ ಹಳೆಯ ಲ್ಯಾಪ್‌ಟಾಪು. ಗುಜರಿಯವನೂ ಮೂಗು ಮುರಿದಿದ್ದ ಅದನ್ನು ಅಳಿಯ ಹೊತ್ತು ತಂದು, ಊದಿಕೊಂಡಿದ್ದ ಬ್ಯಾಟರಿಯನ್ನು ಕಿತ್ತುಹಾಕಿ, ಒಳಗಿದ್ದದ್ದನ್ನೆಲ್ಲ ಒರೆಸಿ, ಬೇರೇನೇನೋ ತುಂಬಿ, ನೇರ ಗೋಡೆಯ ಕರೆಂಟಿಗೆ ಸಿಕ್ಕಿಸಿ ಟಿವಿ ಪಕ್ಕದ ಕಪಾಟಿನಲ್ಲಿ ಮಲಗಿಸಿದ್ದ.

"ಇನ್ಮೇಲೆ ಇದು ಮನೆಯ ಸರ್ವರು ಅತ್ತೆ. ಹಾಡು, ಫೋಟೋ, ವಿಡಿಯೋ ಎಲ್ಲಾ ಇದರೊಳಗೇ ಇರುತ್ತೆ. ಟಿವಿಯಲ್ಲಾದ್ರೂ ನೋಡಿ, ಫೋನಲ್ಲಾದ್ರೂ ನೋಡಿ. ಇಡೀ ದಿನ ಆನ್ ಇದ್ರೂ ಒಂದು ಬಲ್ಬಿನಷ್ಟು ಕರೆಂಟು ತಿಂದ್ರೆ ಹೆಚ್ಚು."

"ತಿನ್ನಲಿ ಬಿಡಪ್ಪ, ಪಾಪ. ಅವರ ದನಿ ಇದರಲ್ಲಿ ಬರುತ್ತೋ ಇಲ್ವೋ, ಅದು ಹೇಳು ಮೊದಲು."

ಹಾಡು, ಫೋಟೋ ಯಾರಿಗೆ ಬೇಕಿತ್ತು! ಅವಳಿಗೆ ಬೇಕಿದ್ದದ್ದು ಗಂಡನ ದನಿ. ಯಜಮಾನರು ಮೈದಾನದಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ಕಾಮೆಂಟ್ರಿ ಹೇಳುತ್ತಿದ್ದವರು. ಮೈಕು ಕೈಗೆ ಸಿಕ್ಕರೆ ಸಾಕು, ಚೆಂಡು ನಿಂತಲ್ಲೇ ನಿಂತಿದ್ದರೂ ಕೇಳುವವರು ಕುರ್ಚಿಯ ತುದಿಗೆ ಬರಬೇಕು, ಅಂಥ ಬಾಯಿ. ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಹೆಂಡತಿಯನ್ನು ಕರೆಯಬೇಕಾದರೆ ಬಾಗಿಲ ಚೌಕಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎನ್ನಿಸುತ್ತಿದ್ದರು.

ಅಳಿಯ ಅವರಿವರ ಕೈಕಾಲು ಹಿಡಿದು ಹಳೆಯ ಪಂದ್ಯಗಳ ವಿಡಿಯೋಗಳನ್ನು ಕೂಡಿಹಾಕಿ ಸರ್ವರಿಗೆ ತುಂಬಿದ್ದ. ಅವುಗಳಲ್ಲೊಂದರಲ್ಲಿ ವಿರಾಮದ ಹೊತ್ತಿಗೆ ಯಜಮಾನರು ಮೈಕು ಆರಿಸುವುದನ್ನೇ ಮರೆತಿದ್ದಾರೆ. "ಏ ಸೂಜೀ, ಎಲ್ಲಿದೀಯೇ? ಬಾರೇ ಇಲ್ಲಿ, ಅಂಗಿ ಗುಂಡಿ ಕಿತ್ತೋಯ್ತು!" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ್ದಾರೆ. ಜನ ಹೊಟ್ಟೆ ಹಿಡಿದುಕೊಂಡು ನಗುವುದೂ ಕೇಳುತ್ತದೆ. ಸೂಜಿ ಎಂದರೆ ಅವಳೇ. ಅವರೊಬ್ಬರೇ ಹಾಗೆ ಕರೆಯುತ್ತಿದ್ದದ್ದು.

ದಿನವೂ ಹೊಲಿಗೆಗೆ ಕೂತ ಕೂಡಲೇ ಅವಳು ಅದನ್ನೇ ಹಚ್ಚುತ್ತಿದ್ದಳು, ಮುಗಿದರೆ ಮತ್ತೆ ಅದೇ. ಮಷಿನಿನ ಗಲಾಟೆಗೆ ಕೇಳದೆಂದು ಟಿವಿಯ ದನಿ ಏರಿಸುತ್ತಿದ್ದಳು. "ಏ ಸೂಜೀ" ಬಂದಾಗಲೆಲ್ಲ ಪೆಡಲ್ ತುಳಿಯುತ್ತಲೇ, "ಹೂಂ, ಬಂದೆ" ಎನ್ನುತ್ತಿದ್ದಳು. ಯಜಮಾನರಿಗೂ ತಮ್ಮ ದನಿ ಕೇಳಿ ಖುಷಿಯಾಗುತ್ತಿರಬೇಕು ಎಂದು ಅವಳ ಲೆಕ್ಕ.

ಅಂಥ ಪೆಟ್ಟಿಗೆ ಹೀಗೆ ಕೈಕೊಟ್ಟರೆ? ಮೊದಲು ಸಿಕ್ಕಿಬಿದ್ದವಳು ಅವಳೇ. ಹೊಲಿಗೆ ಮಷಿನಿಗೆ ಗವುಸು ಹಾಕುವ ಹಾಗೆ ಲ್ಯಾಪ್‌ಟಾಪಿಗೂ ಹತ್ತಿ ತುಂಬಿದ ದಪ್ಪ ಗವುಸು ಹೊಲಿದು, ಅಂಚಿಗೆ ಜರಿ ಬೇರೆ ಹಚ್ಚಿ ತೊಡಿಸಿದ್ದಳು. ಅಳಿಯ ಹಣೆ ಚಚ್ಚಿಕೊಂಡ.

"ಅಯ್ಯೋ ಅತ್ತೆ, ಅದಕ್ಕೆ ಗಾಳಿ ಬೇಡ್ವಾ? ಸೆಕೆ ತಡೀಲಾರದೆ ಆಫ್ ಆಗ್ತಿದೆ!"

"ಧೂಳು ಕೂರಬಾರ್ದು ಅಂತ ಮಾಡಿದ್ದಪ್ಪ. ನನಗೇನು ಗೊತ್ತು ಅದಕ್ಕೆ ಸೆಕೆಯಾಗುತ್ತೆ ಅಂತ."

ಗವುಸು ಮೂಲೆ ಸೇರಿತು. ಆದರೂ ಮರುದಿನ ಅದೇ ಹಾಡು. ಅಳಿಯ ವೈರು ಬದಲಿಸಿದ. ಪೆಟ್ಟಿಗೆ ಮತ್ತೆ ಕಣ್ಣು ಮುಚ್ಚಿತು. ಅವನ ಮುಖವೂ ಸಪ್ಪಗಾಯಿತು.

"ಸ್ವಿಚ್ಚು ಆನ್ ಇದೆ, ಬೇರೆ ಲೈಟೆಲ್ಲಾ ಉರೀತಿದೆ. ನಂಗೂ ಏನೂ ಹೊಳೀತಿಲ್ಲ ಅತ್ತೆ. ಹೀಗೇ ಪಟ್ ಅಂತ ಆಫ್ ಆಗ್ತಾ ಇದ್ರೆ ಒಳಗಿನ ಡಿಸ್ಕ್ ಕೆಟ್ಟುಹೋಗುತ್ತೆ. ಆಮೇಲೆ ವಿಡಿಯೋನೂ ಇಲ್ಲ, ಏನೂ ಇಲ್ಲ."

"ಅದನ್ನ ಬೇರೆ ಕಡೇನೂ ಇಟ್ಟಿದೀಯ ತಾನೇ?"

ಅಳಿಯ ಸೂರು ನೋಡಿದ. "ಇಡಬೇಕು ಅಂತಿದ್ದೆ… ಕೊಟ್ಟವರ ಹತ್ರಾನೂ ಈಗ ಇಲ್ವಂತೆ."

ಇನ್ನೊಮ್ಮೆ ಹೋದರೆ ಅವರ ದನಿ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಯಜಮಾನರೋ, ಕಿಟಕಿಯ ಬಳಿ ಪೇಪರಿನಲ್ಲಿ ಮುಖ ಹುದುಗಿಸಿ ಕೂತಿದ್ದರು, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಈ ಮನುಷ್ಯನಿಗೆ ಚೂರಾದರೂ ಚಿಂತೆ ಬೇಡವೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಪೆಟ್ಟಿಗೆ ಊಟದವರೆಗೂ ಬಾಳಲಿಲ್ಲ. ಅಳಿಯನಿಗೆ ಫೋನ್ ಮಾಡಲು ಮುಖವಿಲ್ಲ, ಬ್ಲೌಸ್ ಕತ್ತರಿಸಲು ಮನಸ್ಸಿಲ್ಲ. ಕೈ ಸುಮ್ಮನಿರಲಾರದೆ, ಮಷಿನಿನ ಪಕ್ಕ ರಾಶಿ ಬಿದ್ದಿದ್ದ ಗಂಡನ ಅಂಗಿಗಳನ್ನು ಎಳೆದುಕೊಂಡಳು. ಇತ್ತೀಚೆಗೆ ಅವರ ಅಂಗಿ ಗುಂಡಿಗಳಿಗೆ ಅದೇನು ರೋಗ ಬಂದಿತ್ತೋ, ಒಂದಾದ ಮೇಲೊಂದು ಕಿತ್ತುಬರುತ್ತಿದ್ದವು. ಅವರು ತಂದು ಇಟ್ಟು ಹೋಗುತ್ತಿದ್ದರು. "ಅಲ್ಲಿಡಿ, ಆಮೇಲೆ ಹಾಕ್ತೀನಿ" ಎಂದು ಅವಳು ತಲೆ ಎತ್ತದೆಯೇ ಹೇಳುತ್ತಿದ್ದಳು.

ಸೂಜಿಗೆ ದಾರ ಪೋಣಿಸಿ ಅಂಗಿ ಕೈಗೆತ್ತಿಕೊಂಡವಳು ಅದನ್ನು ಬೆಳಕಿಗೆ ಹಿಡಿದಳು. ಕಿತ್ತುಹೋದ ಗುಂಡಿಯ ಜಾಗದಲ್ಲಿ ದಾರ ಜುಂಗು ಜುಂಗಾಗಿರುತ್ತದೆ, ಬಟ್ಟೆ ಎಳೆದಿರುತ್ತದೆ. ಇಲ್ಲಿ ದಾರ ನೀಟಾಗಿ ತುಂಡಾಗಿತ್ತು. ಎರಡನೆಯ ಅಂಗಿ ನೋಡಿದಳು. ಮೂರನೆಯದನ್ನೂ. ಎಲ್ಲವೂ ಕತ್ತರಿಯ ಕೆಲಸ.

"ಏನ್ರೀ ಇದು? ನೀವೇ ಕತ್ತರಿಸಿದ್ದಾ? ಯಾಕೆ?"

ಯಜಮಾನರು ಪೇಪರು ಕೆಳಗಿಟ್ಟರು. ಎದ್ದು ಕಪಾಟಿನ ಬಳಿ ಹೋಗಿ, ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿ ತೋರಿಸಿದರು. ಅಷ್ಟೇ. ಬ್ಯಾಟರಿಯಿಲ್ಲದ ಪೆಟ್ಟಿಗೆ ಸಾಯಲು ಅಷ್ಟು ಸಾಕು. ಸ್ವಿಚ್ಚು ಮತ್ತೆ ಆನ್ ಇರುವುದರಿಂದ ಯಾರಿಗೂ ಅನುಮಾನ ಬಾರದು.

"ಅಯ್ಯೋ ಪುಣ್ಯಾತ್ಮಾ! ನಿಮ್ಮದೇ ದನಿ ಅಲ್ವೇನ್ರೀ ಅದು! ಹೋಗಿಬಿಟ್ಟಿದ್ರೆ?"

ಅವರು ಟಿವಿಯತ್ತ ಬೆರಳು ಮಾಡಿದರು. ಆಮೇಲೆ ಅವಳಂತೆಯೇ ಬೆನ್ನು ಬಗ್ಗಿಸಿ, ಪೆಡಲ್ ತುಳಿಯುವಂತೆ ಕಾಲಾಡಿಸುತ್ತ, ಟಿವಿಯ ಕಡೆ ಕತ್ತು ಹೊರಳಿಸಿ, ದನಿಯಿಲ್ಲದ ಬಾಯಲ್ಲಿ "ಹೂಂ, ಬಂದೆ" ಎಂದರು. ತುಟಿ ನೋಡಿಯೇ ಅವಳಿಗೆ ತಿಳಿಯಿತು. ಬಳಿಕ ಬಾಗಿಲಿಗೆ ಹೋಗಿ ಚೌಕಟ್ಟನ್ನು ಟಕ್ ಟಕ್ ಎಂದು ತಟ್ಟಿದರು. ಕಾದರು. ಮತ್ತೆ ತಟ್ಟಿದರು. ಯಾರೂ ಬರಲಿಲ್ಲವೆಂಬಂತೆ, ಕೈಯಲ್ಲಿ ಇಲ್ಲದ ಅಂಗಿಯನ್ನು ಮಷಿನಿನ ಪಕ್ಕ ಇಟ್ಟಂತೆ ಮಾಡಿ ಹಿಂದಿರುಗಿದರು.

ಅವಳು ಅಂಗಿಯಿಂದ ಮುಖ ಮುಚ್ಚಿಕೊಂಡಳು. ನಾಚಿಕೆಯಾಯಿತು, ಸಂಕಟವಾಯಿತು. ಬದುಕಿರುವ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ ತಾನು ಪೆಟ್ಟಿಗೆಯ ಜೊತೆ ಸಂಸಾರ ಮಾಡುತ್ತಿದ್ದೆನಲ್ಲ ಎನ್ನಿಸಿತು.

ಸಂಜೆ ಅಳಿಯ ಬಂದು ಬಟನ್ ಒತ್ತಿದ. ಪುಣ್ಯಕ್ಕೆ ಎಲ್ಲವೂ ಇದ್ದಲ್ಲೇ ಇತ್ತು. ಅತ್ತೆಯ ಕಣ್ಣಿಗೆ ಹೆದರಿ ಅಲ್ಲೇ ಕೂತು ಇನ್ನೊಂದು ಡಿಸ್ಕಿಗೂ ಇಳಿಸಿಕೊಂಡ. "ಏನಾಗಿತ್ತು ಅಂತ ಕೊನೆಗೂ ಗೊತ್ತಾಗ್ಲೇ ಇಲ್ವಲ್ಲ" ಎಂದು ತಲೆ ಕೆರೆದುಕೊಳ್ಳುತ್ತ ಹೋದ. ಅತ್ತೆ ಗುಂಡಿ ಹಚ್ಚುತ್ತ ಕೂತಳು, ಮಾವ ಪೇಪರಿನಲ್ಲಿ ಮುಖ ಹುದುಗಿಸಿದರು.

ಮಾರನೆಯ ಬೆಳಿಗ್ಗೆ ಅವಳು ಹೊಲಿಗೆಗೆ ಕೂತಾಗ ಟಿವಿ ಹಚ್ಚಿದವರು ಯಜಮಾನರೇ. ದನಿಯನ್ನು ಸಣ್ಣದಾಗಿಟ್ಟರು. ಪಂದ್ಯ ನಡೆಯಿತು, ವಿರಾಮ ಬಂತು. "ಏ ಸೂಜೀ, ಎಲ್ಲಿದೀಯೇ?" ಎಂದಿತು ಪೆಟ್ಟಿಗೆ. ಅಭ್ಯಾಸಬಲದಿಂದ ಅವಳ ಬಾಯಿ ತೆರೆಯಿತು. ತೆರೆದ ಬಾಯನ್ನು ಹಾಗೇ ಮುಚ್ಚಿ, ಕಾಲು ನಿಲ್ಲಿಸಿ ಕಾದಳು.

ಬೆನ್ನ ಹಿಂದೆ ಟಕ್ ಟಕ್ ಎಂದಿತು.

"ಹೂಂ, ಬಂದೆ" ಎಂದು ಅವಳು ಎದ್ದು ಹೋದಳು. ಅವರ ಅಂಗಿಯ ಗುಂಡಿಗಳೆಲ್ಲ ನೆಟ್ಟಗಿದ್ದವು.

"ಏನು ಬೇಕಿತ್ತು?"

ಯಜಮಾನರು ಏನೂ ಇಲ್ಲವೆಂದು ತಲೆಯಾಡಿಸಿದರು.