ನೀಲಿ ಹಲಗೆ

ಬ್ರೈಸಾಖ್‌ನಲ್ಲಿ ಕಯಾಕ್ ನೀರಿಗಿಳಿಸಿ ಹನ್ನೊಂದು ದಿನವಾಗಿತ್ತು. ರೈನ್ ದಡದ ಕಿಲೋಮೀಟರ್ ಫಲಕಗಳನ್ನು ಮೂವತ್ತು ವರ್ಷ ನಮ್ಮ ಸರಕು ಹಡಗಿನ ಚುಕ್ಕಾಣಿ ಕೋಣೆಯಿಂದ ಓದಿದವಳು ನಾನು. ಈಗ ಅವನ್ನೇ ಕತ್ತೆತ್ತಿ ಓದಬೇಕಾಗಿತ್ತು.

ಎರಡು ವರ್ಷದ ಹಿಂದೆ ಮಾಟಿಸ್ ಟೆರ್‌ಹೋರ್ಸ್ಟ್ ಎಂಬುವನು ಕೂಡ ಕಯಾಕ್‌ನಲ್ಲಿ ಬ್ರೈಸಾಖ್‌ನಿಂದಲೇ ಒಬ್ಬನೇ ಹೊರಟಿದ್ದ, ರೇಸ್ ಊರಿನಲ್ಲಿದ್ದ ತಾಯಿಯ ಮನೆಗೆ. ಬೊಪ್ಪಾರ್ಡ್ ದಾಟಿದ ಮೇಲಿನ ತಿರುವಿನಲ್ಲಿ, ಐನೂರ ಎಪ್ಪತ್ತಮೂರನೇ ಕಿಲೋಮೀಟರಿನಲ್ಲಿ, ನಮ್ಮ ಹಡಗಿನಡಿಗೆ ಸಿಕ್ಕಿ ಸತ್ತ. ಚುಕ್ಕಾಣಿ ನನ್ನ ಕೈಯಲ್ಲಿತ್ತು.

ಪ್ರವಾಹಕ್ಕೆದುರಾಗಿ ಹೋಗುವ ಹಡಗು ಚುಕ್ಕಾಣಿ ಕೋಣೆಯ ಪಕ್ಕದ ನೀಲಿ ಹಲಗೆ ಏರಿಸಿದರೆ, ಎದುರು ಬರುವವರು ಅದರ ಬಲಗಡೆಯಿಂದ ಸಾಗಬೇಕು. ನಾನು ಏರಿಸಿದ್ದೆ. ಅವನು ನಮ್ಮ ಎಡಗಡೆಯ ದಂಡೆಗೇ ಅಂಟಿಕೊಂಡು ಬಂದ. ವಿಚಾರಣೆಯಲ್ಲಿ ತಪ್ಪು ಅವನದೇ ಎಂದಾಯಿತು. ಹೊರಗೆ ಅವನ ತಾಯಿ ನನ್ನ ತೋಳು ಹಿಡಿದು ಕೇಳಿದ್ದರು:

"ಅಷ್ಟು ಕೆಳಗೆ ಕೂತಿದ್ದ ನನ್ನ ಮಗನಿಗೆ ಅದು ಕಾಣ್ತಿತ್ತಾ?"

"ಕಾಣ್ತಿತ್ತಮ್ಮ. ಎಷ್ಟೋ ದೂರದಿಂದಲೇ ಕಾಣತ್ತೆ."

"ಚಿಕ್ಕೋನಿದ್ದಾಗಿಂದ ಹಾಗೇ. ಕಣ್ಣಿದ್ದೂ ನೋಡ್ತಿರಲಿಲ್ಲ," ಅಂದು ಆಕೆ ತೋಳು ಬಿಟ್ಟಿದ್ದರು.

ಆ ಬಿಟ್ಟ ಕೈ ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ಕೆಳಗೆ ಕೂತು ಎಂದೂ ನೋಡಿರಲಿಲ್ಲ.

ಬೊಪ್ಪಾರ್ಡ್‌ನ ದೋಣಿಮನೆ ನೋಡಿಕೊಳ್ಳುವ ಹಿಲ್ಟ್ರುಡ್ ನನ್ನನ್ನು ಕಂಡು ನಕ್ಕಳು. "ಹಡಗಿನೋಳು ಕಯಾಕ್‌ನಲ್ಲಾ? ಲಾರಿ ಡ್ರೈವರ್ ಮೂರು ಚಕ್ರದ ಸೈಕಲ್ ಹತ್ತಿದ ಹಾಗಾಯ್ತು! ಗಂಡ ಹೊರಗೆ ಹಾಕಿದ್ನೇನೇ?"

"ಇಲ್ಲ ಕಣೆ. ನಾಳೆ ಬೆಳಿಗ್ಗೆ ಎದುರಿಗೇ ಬರ್ತಾನೆ."

ಗಂಡ ಫೋಲ್ಕ್‌ಮಾರ್ ನಮ್ಮ ಹಡಗನ್ನು ಅಂದಿನಂತೆಯೇ ಖಾಲಿಯಾಗಿ ತರುತ್ತಿದ್ದ. ಅದೇ ತಿರುವಿನಲ್ಲಿ ಹಲಗೆ ಏರಿಸು ಅಂದಿದ್ದೆ. "ನಿನಗೆ ತಲೆ ಕೆಟ್ಟಿದೆ ಗೆರ್ಲಿಂಡೆ. ಏರಿಸ್ತೀನಿ, ಆದ್ರೆ ದಡ ಬಿಟ್ಟು ಬಂದೀಯ ಮತ್ತೆ!" ಅಂದಿದ್ದ.

ಬೂದು ಬೆಳಗು. ಮಾಟಿಸ್ ಅಂಟಿಕೊಂಡು ಬಂದಿದ್ದ ದಡದ ಕಲ್ಲುಗಳ ನಡುವೆ ಕಯಾಕ್ ನಿಲ್ಲಿಸಿಕೊಂಡು ಕಾದೆ. ಹಡಗು ಹತ್ತಿರ ಬರುವವರೆಗೂ ತಿರುವಿನ ಗುಡ್ಡ ಅದನ್ನು ಮರೆಮಾಡಿತ್ತು. ಆಮೇಲೆ ಎದ್ದದ್ದು ಒಂದು ಕಪ್ಪು ಗೋಡೆ. ಖಾಲಿ ಹಡಗಿನ ಮೂತಿ ಆಕಾಶಕ್ಕೆ ನಿಂತಿತ್ತು. ಲಂಗರು, ಬಿಳಿ ನೊರೆ, ಅಷ್ಟೇ. ನೂರು ಮೀಟರ್ ಹಿಂದಿದ್ದ ಚುಕ್ಕಾಣಿ ಕೋಣೆಯಿಲ್ಲ, ಗಂಡನಿಲ್ಲ, ಹಲಗೆಯಿಲ್ಲ. ಹಡಗಿನ ಮುಕ್ಕಾಲು ಪಾಲು ನನ್ನನ್ನು ದಾಟಿದ ಮೇಲೆ ತಲೆಯ ಮೇಲೆಲ್ಲೋ ನೀಲಿ ಕಂಡಿತು, ನಡುವೆ ಬಿಳಿ ದೀಪ ಮಿನುಗುತ್ತಿತ್ತು.

ಅಲೆಗಳು ಕಯಾಕನ್ನು ಕಲ್ಲಿಗೆ ಬಡಿದವು. ಫೋನ್ ಬಂತು.

"ಆಗಲೇ ಹಾಕಿದ್ದೆ ಕಣೇ. ಕಾಣಿಸ್ತಲ್ಲ?"

"ಇಲ್ಲ."

ಅವನು ದನಿ ತಗ್ಗಿಸಿ, "ಮುಗಿದ ಕೇಸದು. ಆ ಯಮ್ಮನಿಗೆ ಏನೂ ಹೇಳಬೇಡ. ಹಡಗು, ಲೈಸೆನ್ಸು, ಎಲ್ಲಾ ಹೋಗತ್ತೆ. ಮನೆಗೆ ಬಾ," ಅಂದ.

"ಆ ಹುಡುಗ ನೋಡ್ತಿದ್ದ, ಫೋಲ್ಕ್‌ಮಾರ್. ನೋಡ್ತಾನೇ ಇದ್ದ."

ಫೋನನ್ನು ಚೀಲಕ್ಕೆ ಹಾಕಿ ಅದರ ಬಾಯಿ ಬಿಗಿದೆ. ಅವನ ತಾಯಿಯಿರುವ ರೇಸ್ ಎಂಟುನೂರ ಮೂವತ್ತೇಳನೇ ಕಿಲೋಮೀಟರಿನಲ್ಲಿದೆ. ಕಲ್ಲಿಗೆ ಹುಟ್ಟು ಒತ್ತಿ ನೀರಿನ ನಡುವಿಗೆ ಸರಿದೆ. ಪ್ರವಾಹ ಎಳೆದುಕೊಂಡು ಹೋಯಿತು.