ನಾಯಿ ಬರಬಹುದು ಎಂದ ಮನೆ

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಒಂದು ಲೇತ್ ಅಂಗಡಿಯ ಹಿಂದೆ. ಕಬ್ಬಿಣದ ಸುರುಳಿಚೂರುಗಳ ರಾಶಿಯ ಪಕ್ಕ, ಗೋಣಿಚೀಲದ ಮೇಲೆ ನಮ್ಮವ್ವ ಐದು ಮರಿ ಹಾಕಿದಳು. ನಾನು ಮೂರನೆಯವಳು. ಹೇಳಿಕೊಳ್ಳುವಂಥ ಜಾತಿಯ ನಾಯಿಯಲ್ಲ. ಕಂದು ಮೈ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ.

ಬಸ್ ಡ್ರೈವರ್ ಫಕ್ಕೀರಪ್ಪನವರು ಒಂದು ದಿನ ನೀರಿನ ಪಂಪಿನ ರಿಪೇರಿಗೆಂದು ಆ ಅಂಗಡಿಗೆ ಬಂದರು. ಮರಳಿ ಹೋಗುವಾಗ ಅವರ ಒಂದು ಕೈಯಲ್ಲಿ ಪಂಪು, ಇನ್ನೊಂದು ಕೈಯ ಊಟದ ಚೀಲದಲ್ಲಿ ನಾನು. ಅವರ ಮನೆಯ ಬಾಗಿಲಲ್ಲೇ ಕುಳಿತು ಬರುವವರಿಗೂ ಹೋಗುವವರಿಗೂ ಒಂದೊಂದು ಸಲ ಬೊಗಳುತ್ತಿದ್ದೆ. ಅದನ್ನು ಕಂಡು ಅವರು ನನಗೆ ಕಂಡಕ್ಟರ್ ಎಂದು ಹೆಸರಿಟ್ಟರು.

ಅವರ ಹೆಂಡತಿ ದಾಕ್ಷಾಯಣಿಯಮ್ಮ ನನಗೆ ಹೊತ್ತುಹೊತ್ತಿಗೆ ರೊಟ್ಟಿ ಹಾಕುತ್ತಿದ್ದರು. ಆದರೆ ಎಂದೂ ಮುಟ್ಟಲಿಲ್ಲ. ನಾನು ಅವರನ್ನು ಹೆಚ್ಚಾಗಿ ಸೀರೆಯ ಅಂಚಿನಿಂದ, ಕಾಲುಂಗುರದಿಂದ ಬಲ್ಲೆ. ಯಜಮಾನರದು ಹುಬ್ಬಳ್ಳಿ–ಕುಮಟಾ ಬಸ್ಸು. ದಿನ ಬಿಟ್ಟು ದಿನ ಸಂಜೆ ಅವರ ಚಪ್ಪಲಿಯ ಮರಳಿನಲ್ಲಿ ನಾನು ಕಾಣದ ಯಾವುದೋ ದೊಡ್ಡ ನೀರಿನ ವಾಸನೆ ಇರುತ್ತಿತ್ತು. ನಾನು ಆ ಚಪ್ಪಲಿಯ ಮೇಲೆ ಮೂತಿ ಇಟ್ಟು ಮಲಗುತ್ತಿದ್ದೆ.

ಆ ವರ್ಷ ದೀಪಾವಳಿಗೆ ಒಂದು ವಾರವಿತ್ತು. ಬೆಳಿಗ್ಗೆ ಯಜಮಾನರು ಡ್ಯೂಟಿಗೆ ಹೊರಟಾಗ ದಾಕ್ಷಾಯಣಿಯಮ್ಮ ಬಾಗಿಲಲ್ಲಿ ಅಡ್ಡ ನಿಂತರು.

"ಹತ್ತೊಂಬತ್ತು ವರ್ಷ ಮಂದೀನ ಸಮುದ್ರದ ದಂಡಿಗೆ ಮುಟ್ಟಿಸಿ ಬಂದ್ರಿ. ನನ್ನ ಒಂದ್ ದಿನಾ ಕರ್ಕೊಂಡು ಹೋಗಬೇಕು ಅನಿಸಲಿಲ್ಲ ನಿಮಗ? ಆ ನಾಯಿ ಮ್ಯಾಲೆ ಇರೂ ಅಷ್ಟು ಜೀವ ನನ್ನ ಮ್ಯಾಲಿಲ್ಲ."

ಯಜಮಾನರು ಹೆಂಡತಿಯ ಮುಖ ನೋಡಿ ನಕ್ಕರು. ನನ್ನ ಕೆಳಗಿನ ಕಿವಿಯನ್ನೊಮ್ಮೆ ಎತ್ತಿ ಬಿಟ್ಟು ಹೊರಟುಹೋದರು. ಅಂದು ಮಧ್ಯಾಹ್ನ ಡಿಪೋದಲ್ಲಿ ಬೆಂಚಿನ ಮೇಲೆ ಕುಳಿತವರು ಏಳಲಿಲ್ಲ. ಎದೆಬಡಿತ ನಿಂತಿತು ಎಂದು ಬಂದವರು ಹೇಳಿದರು.

ಆಮೇಲಿನ ಎರಡು ವರ್ಷ ಆ ಮನೆಯಲ್ಲಿ ಏನಾಯಿತೆಂದು ನನ್ನಷ್ಟು ಯಾರೂ ಅರಿಯರು. ಮನುಷ್ಯರು ಒಮ್ಮೆಗೇ ಹೋಗಿಬಿಡುತ್ತಾರೆ ಎಂದು ಮನುಷ್ಯರು ತಿಳಿದಿದ್ದಾರೆ. ಹಾಗಲ್ಲ. ಯಜಮಾನರು ಒಂದೊಂದೇ ಜಾಗ ಬಿಟ್ಟು ಹೋದರು. ಮೊದಲು ಅಂಗಳದಿಂದ, ಆಮೇಲೆ ಮಂಚದಿಂದ, ಮಳೆಗಾಲ ಕಳೆದ ಮೇಲೆ ಕುರ್ಚಿಯಿಂದ. ಕೊನೆಗೆ ಬಾಗಿಲ ಹಿಂದೆ, ಅವರು ಕೈಚೀಲ ತೂಗುಹಾಕುತ್ತಿದ್ದ ಮೊಳೆಯ ಕೆಳಗೆ ಮಾತ್ರ ಅವರ ವಾಸನೆ ಉಳಿಯಿತು. ನಾನು ಅಲ್ಲೇ ಮಲಗತೊಡಗಿದೆ. ಒಂದು ದಿನ ಅದೂ ಇರಲಿಲ್ಲ. ಅಂದು ನಾನು ಊಟ ಮುಟ್ಟಲಿಲ್ಲ.

ದಾಕ್ಷಾಯಣಿಯಮ್ಮನಿಗೆ ಅಂಟಿಕೊಂಡಿದ್ದು ಆ ಬೆಳಗಿನ ನಗು. ರೊಟ್ಟಿ ತಟ್ಟುತ್ತಿರುವಾಗ ಕೈ ನಿಲ್ಲುತ್ತಿತ್ತು. "ಯಾಕ ನಕ್ರಿ?" ಎಂದು ಒಲೆಯ ಕಡೆ ನೋಡಿ ಕೇಳುತ್ತಿದ್ದರು. ಪಕ್ಕದ ಓಣಿಯಲ್ಲಿದ್ದ ಮಗಳು ವಿಜಿ ಇದನ್ನು ಎರಡು ಸಲ ಕೇಳಿಸಿಕೊಂಡಳು. ಮೂರನೆಯ ಸಲ ತಾಯಿಯ ಎದುರು ಬಂದು ಕುಳಿತಳು.

"ಯವ್ವಾ, ಎರಡು ದಿನ ಸಮುದ್ರಕ್ಕ ಹೋಗಿ ಬರೂಣು. ಅಲ್ಲೇ ದಂಡಿ ಮ್ಯಾಲೆ ಒಂದು ಮನಿ ಬಾಡಿಗಿ ತಗೊಳ್ತೀನಿ."

ದಾಕ್ಷಾಯಣಿಯಮ್ಮ ನನ್ನ ಕಡೆ ನೋಡಿದರು. "ನಾಯಿ ಬಿಟ್ಟು ನಾ ಬರೂದಿಲ್ಲ."

"ಅದನ್ನ ಎರಡು ದಿನ ಯಾರ ಹತ್ರಾನರ ಬಿಟ್ರಾತು."

"ಬ್ಯಾಡ. ಬಿಟ್ಟು ಹ್ವಾದ್ರ ಅವರು ಕೇಳ್ತಾರ."

ಯಾರು ಎಂದು ವಿಜಿ ಕೇಳಲಿಲ್ಲ.

ಅಂದಿನಿಂದ ಅವಳು ಸಂಜೆಯಾದರೆ ಮೊಬೈಲ್ ಹಿಡಿದು ಕೂರುತ್ತಿದ್ದಳು. ಸಮುದ್ರ ಕಾಣುವ ಕಿಟಕಿ, ತೂಗುಮಂಚ, ತೆಂಗಿನ ಮರ ಎಂದು ತಾಯಿಗೆ ಚಿತ್ರ ತೋರಿಸುವಳು. ಮನೆ ಹಿಡಿಸಿದರೆ ಫೋನ್ ಮಾಡುವಳು. ನಾಯಿ ಎಂಬ ಮಾತು ಬರುವವರೆಗೆ ಎಲ್ಲರದೂ ಸಿಹಿ ಮಾತೇ. ಒಬ್ಬರು ಹಾಸಿಗೆ ಹಾಳಾಗುತ್ತದೆ ಎಂದರು. ಇನ್ನೊಬ್ಬರ ಜಾಹೀರಾತಿನಲ್ಲಿ ಉದ್ದ ಕೂದಲಿನ ನಾಯಿಯ ಚಿತ್ರವೇ ಇತ್ತು. ಅವರು ಯಾವ ಜಾತಿ ಎಂದು ಕೇಳಿದರು. ಬೀದಿಯದು ಎಂದಾಗ ಕೋಣೆ ಖಾಲಿ ಇಲ್ಲವೆಂದು ಈಗಷ್ಟೇ ನೆನಪಾಯಿತೆಂದರು. ಮತ್ತೊಬ್ಬರು ಹೊರಗೆ ಕಟ್ಟಿಹಾಕುವುದಾದರೆ ಸರಿ ಎಂದರು. ಅದಕ್ಕೆ ದಾಕ್ಷಾಯಣಿಯಮ್ಮನೇ ಬೇಡವೆಂದು ತಲೆಯಾಡಿಸಿದರು. ಹನ್ನೊಂದು ಮನೆಗಳು ಹಾಗೆ ತಪ್ಪಿದವು.

ಹನ್ನೆರಡನೆಯದು ಹೆಂಚಿನ ಸಣ್ಣ ಮನೆ, ಕುಮಟಾದ ಆಚೆ. ಚಿತ್ರವೂ ಒಂದೇ. ಫೋನ್ ಎತ್ತಿದ್ದು ಮಾದೇವಿ ನಾಯ್ಕ ಎಂಬ ಹೆಂಗಸು.

"ಹುಬ್ಬಳ್ಳಿಯಿಂದ ರೀ. ನಾವು ಇಬ್ಬರು. ಜೊತಿಗೆ ಒಂದು ನಾಯಿ ಅದ."

ಆ ಕಡೆಯಿಂದ ಒಂದು ಪ್ರಶ್ನೆ ಬಂತು. "ನಾಯಿ ಹೆಸ್ರು ಎಂತದು?"

"ಕಂಡಕ್ಟರ್ ಅಂತ್ರಿ," ಎಂದು ವಿಜಿ ನಕ್ಕಳು.

ಆ ಕಡೆಯವರು ನಗಲಿಲ್ಲ. ನನಗೆ ಫೋನಿನಿಂದ ಅಲೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮೆಲ್ಲನೆ ಮಾತು ಬಂತು. "ಬನ್ನಿ, ಅಡ್ಡಿಲ್ಲ. ಈಗಾದ್ರೂ ಬರ್ತ್ರಲ್ಲ."

ಲೈನ್ ಸರಿ ಇಲ್ಲವೆಂದು ವಿಜಿ ಅಂದುಕೊಂಡಳು. ಮನೆ ಗೊತ್ತುಮಾಡಿದಳು.

ಕಾರಿನಲ್ಲಿ ಘಟ್ಟ ಇಳಿದು ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಮಾದೇವಿ ಅಂಗಳದಲ್ಲಿ ಕಾಯುತ್ತಿದ್ದರು. ನಮ್ಮನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಗ್ಗಿ ಕಾರಿನೊಳಗೂ ನೋಡಿದರು.

"ಅವರು ಬರ್ಲಿಲ್ವಾ?"

"ಯಾರು?" ಎಂದಳು ವಿಜಿ.

"ಡ್ರೈವರು. ಇವರ ಯಜಮಾನ್ರು."

ದಾಕ್ಷಾಯಣಿಯಮ್ಮನ ಕೈಯಿಂದ ನನ್ನ ಹಗ್ಗ ಜಾರಿತು. ನಾನು ಮೆಟ್ಟಿಲೇರಿದೆ. ಹೊಸ್ತಿಲಲ್ಲಿ ನನ್ನ ಕಾಲುಗಳು ನಿಂತವು. ಬೆನ್ನಿನ ಕೂದಲು ತಾನಾಗಿ ಎದ್ದಿತು. ಒಳಗೆ ಯಜಮಾನರಿದ್ದರು.

ತೆಳುವಾಗಿ, ಎಲ್ಲಿಂದಲೋ, ಆದರೆ ಅವರೇ. ಕೋಣೆಯಲ್ಲಿ ಮಂಚವಿತ್ತು, ಕಿಟಕಿಯಿತ್ತು, ಮನುಷ್ಯರು ಯಾರೂ ಇರಲಿಲ್ಲ. ನಾನು ಮಂಚದ ಕೆಳಗೆ ನುಗ್ಗಿ ಅಲ್ಲಿದ್ದ ಕಬ್ಬಿಣದ ಟ್ರಂಕನ್ನು ಕೆರೆಯುತ್ತ ಅಳತೊಡಗಿದೆ. ಅಂಥ ಅಳು ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಯಜಮಾನರು ತೀರಿಹೋದರೆಂದು ವಿಜಿ ಹೇಳಿದಾಗ ಮಾದೇವಿ ಹಾಗೇ ನೆಲದ ಮೇಲೆ ಕುಳಿತರು.

"ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದಿದ್ರು. ಕುಮಟಾದಲ್ಲಿ ಬಸ್ ನಿಲ್ಸಿ, ರಿಕ್ಷಾ ಮಾಡ್ಕಂಡು. ಊರೆಲ್ಲ ಕೇಳಿದ್ರಂತೆ, ನಾಯಿ ಅಂದ್ಕೂಡ್ಲೆ ಯಾರೂ ಹೂಂ ಅನ್ಲಿಲ್ಲ. ನಾನೊಬ್ಳೇ ಅಡ್ಡಿಲ್ಲ ಅಂದದ್ದು. ನಾಯಿ ಹೆಸ್ರೂ ಹೇಳಿದ್ರು. ದೀಪಾವಳಿ ಮುಗಿದ್ಮೇಲಿನ ಶನಿವಾರ ಬರ್ತೆ ಅಂದ್ರು. ಹಿಂದಿನ ಬೇಲಿ ತೂತಿಗೆ ಬಲೆ ತುಂಡು ಅವರೇ ಕಟ್ಟಿ ಹೋದ್ರು, ನಾಯಿ ರಸ್ತೆಗೆ ಹೋಗ್ಬಾರ್ದು ಅಂತ. ಆಮೇಲೆ ಫೋನ್ ಮಾಡ್ದ್ರೆ ಹತ್ಲೇ ಇಲ್ಲ."

"ನನಗ ಹೇಳಲಿಲ್ಲ," ಎಂದರು ದಾಕ್ಷಾಯಣಿಯಮ್ಮ.

"ನಾನು ಕೇಳ್ದೆ, ಹೆಂಡ್ತಿಗೆ ಗೊತ್ತಿದ್ಯಾ ಅಂತ. ಹೇಳೂದಿಲ್ಲ, ಕರ್ಕಂಡು ಬಂದು ತೋರಿಸೂದೇ ಅಂದ್ರು."

ಮಾದೇವಿ ಟ್ರಂಕು ಎಳೆದು ಬೀಗ ತೆಗೆದರು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ ಒಂದು ಖಾಕಿ ಅಂಗಿ. ಒಗೆಯದ್ದು. "ನಾಯಿ ಹೊಸ ಜಾಗದಲ್ಲಿ ಮಲಗೂದಿಲ್ಲ, ಬಂದ ದಿನ ಇದನ್ನ ಹಾಸಿ ಅಂತ ಕೊಟ್ಟಿದ್ರು. ಹಾಂಗೇ ಇಟ್ಟಿದ್ದೆ."

ನಾನು ಆ ಅಂಗಿಯಲ್ಲಿ ಮುಖ ಹುದುಗಿಸಿದೆ. ಎರಡು ವರ್ಷದಿಂದ ಒಂದೊಂದೇ ಜಾಗ ಬಿಟ್ಟು ಹೋದವರು ಇಷ್ಟು ದೂರ ನಡೆದು ಬಂದು ಇಲ್ಲಿ ಕುಳಿತಿದ್ದರು. ದಾಕ್ಷಾಯಣಿಯಮ್ಮ ನನ್ನ ಪಕ್ಕ ಬಂದು ಕುಳಿತರು.

"ಅದಕ್ಕ ನಕ್ರಾ?" ಎಂದರು. "ಅಯ್ಯ, ಅದಕ್ಕ ನಕ್ರಾ!"

ಅವರ ಕೈ ನನ್ನ ಕತ್ತಿನ ಮೇಲೆ ಬಂತು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಎರಡು ದಿನ ಅವರು ಅಲೆಯ ಅಂಚಿನಲ್ಲಿ ಸೀರೆ ಎತ್ತಿ ಹಿಡಿದು ನಡೆದರು, ನಾನು ಪಕ್ಕದಲ್ಲಿ. ಮಾತು ನಿಲ್ಲಲಿಲ್ಲ. ನನ್ನೊಂದಿಗೆ ಆಡುತ್ತಿದ್ದಾರೆಂದು ವಿಜಿ ತಿಳಿದಳು. ಅವರ ಮುಖ ಮಾತ್ರ ನನ್ನ ಕಡೆ ಇರಲಿಲ್ಲ, ನನ್ನಾಚೆಗೆ, ಮನುಷ್ಯನೊಬ್ಬನ ಎತ್ತರಕ್ಕೆ ಇತ್ತು. ಹೊರಡುವಾಗ ವಿಜಿ ಅಂಗಿಯನ್ನು ಬ್ಯಾಗಿಗೆ ಹಾಕಲು ಹೋದಳು.

"ಇಲ್ಲಿಗೇ ಅಂತ ಕೊಟ್ಟದ್ದು. ಇಲ್ಲೇ ಇರ್ಲಿ," ಎಂದರು ದಾಕ್ಷಾಯಣಿಯಮ್ಮ. ಹೊಸ್ತಿಲಲ್ಲಿ ತಿರುಗಿ, ಖಾಲಿ ಕೋಣೆಗೆ, "ಬರ್ತೀನ್ರಿ" ಎಂದರು. ಒಂದು ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ನಿಂತು, ತಲೆಯಾಡಿಸಿ ಕಾರು ಹತ್ತಿದರು.

ಆಮೇಲೆ ಐದು ವರ್ಷ, ದೀಪಾವಳಿ ಮುಗಿದ ಶನಿವಾರ, ನಾವು ಅಲ್ಲಿಗೆ ಹೋಗಿ ಬಂದೆವು. ಈಗ ನನ್ನ ಕಣ್ಣಿಗೆ ಪೊರೆ ಬಂದಿದೆ, ಹಿಂಗಾಲು ಏಳುವುದಿಲ್ಲ. ನೀರಿನ ತೊಟ್ಟಿಯ ಪಕ್ಕ, ತಂಪಿನಲ್ಲಿ ನನ್ನ ಹಾಸಿಗೆ. ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದರು. ನನ್ನನ್ನು ಬಿಟ್ಟು ದಾಕ್ಷಾಯಣಿಯಮ್ಮ ಹೋಗುವವರಲ್ಲ. ನಿನ್ನೆ ಅವರೇ ಮಾದೇವಿಗೆ ಫೋನ್ ಮಾಡಿದರು.

"ಈ ಸಲ ಬರೂದಾಗೂದಿಲ್ರಿ. ಯಾರರ ಕೇಳಿದ್ರ ಮನಿ ಕೊಟ್ಟುಬಿಡ್ರಿ."

"ಯಾರಿಗೂ ಕೊಡೂದಿಲ್ಲ," ಎಂದರು ಮಾದೇವಿ. "ಆ ಎರಡು ದಿನ ನಾನು ಹಾಸಿಗೆ ಹಾಸಿ, ಬಾಗಿಲು ತೆರೆದಿಡ್ತೆ."

ಫೋನ್ ಇಟ್ಟ ದಾಕ್ಷಾಯಣಿಯಮ್ಮ ನನ್ನ ಪಕ್ಕ ಕುಳಿತು ತಲೆ ಸವರಿದರು. ಆ ಎರಡು ದಿನ ಆ ಮನೆ ಖಾಲಿ ಇರುತ್ತದೆ ಎಂದು ವಿಜಿ ಅನ್ನುತ್ತಾಳೆ. ನಾವಿಬ್ಬರೂ ಹಾಗೆ ತಿಳಿದಿಲ್ಲ.